ಮುದ್ದೆಗೆ ಹಾಕೋ ನೀರೂ ಕುಡಿಯೋ ನೀರೇ

ಈ ಸಲ ಬಂದಿರೋ ಕಾಗದಗಳಲ್ಲಿ ಅರ್ಧಕ್ಕರ್ಧ ನೀರಿನ ವಿಷ್ಯಾನೇ. ಎಲ್ಲದಕ್ಕೂ ಜಾಗ ಸಾಲಲ್ಲ, ಅದಕ್ಕೆ ನಾಲ್ಕು ಆರಿಸ್ಕೊಂಡಿದೀನಿ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಆದ್ರೆ ಅದೊಂದು ಕಾಗದದಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದೆ.

ಪ್ರಶ್ನೆ: ಅಕ್ಕಾ ನಮಸ್ತೆ. ನಮ್ದು ಬಾಗೇಪಲ್ಲಿ ತಾಲೂಕಿನ ಒಂದು ಹಳ್ಳಿ. ಮನೆಗೆ ನಲ್ಲಿ ಬಂದಿದೆ, ನೀರು ಮಾತ್ರ ಊರ ಬೋರ್‌ವೆಲ್‌ದೇ. ಫಿಲ್ಟರ್ ಮಾರೋರು ಬಂದು ಮೀಟರ್ ಅದ್ದಿ ನೋಡಿ ಟಿಡಿಎಸ್ 420 ಇದೆ, ನೀರು ಪರವಾಗಿಲ್ಲ ಅಂದ್ರು. ಆದ್ರೆ ಏಳು ವರ್ಷದ ಮಗನಿಗೆ ಹೊಸದಾಗಿ ಬಂದಿರೋ ಮುಂದಿನ ಹಲ್ಲಿನ ಮೇಲೆ ಸುಣ್ಣ ಹಚ್ಚಿದಂಗೆ ಬಿಳಿ ಗೆರೆ ಇವೆ. ಮಗಳಿಗೆ ಇನ್ನೂ ಎರಡು ವರ್ಷ. ಅತ್ತೆ ನೀರು ಕಾಯಿಸಿ ಕುಡಿದ್ರೆ ಸಾಕು ಅಂತಾರೆ, ಯಜಮಾನ್ರು ಟೌನಿಂದ ಬರೋ ಕ್ಯಾನ್ ಹಾಕಿಸೋಣ ಅಂತಾರೆ, ಒಂದಕ್ಕೆ 35 ರೂಪಾಯಿ. ಊರಲ್ಲಿ ಶುದ್ಧ ನೀರಿನ ಘಟಕಾನೂ ಇದೆ, 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಬರುತ್ತೆ. ಯಾವ್ದನ್ನ ನಂಬೋದು?

ಉತ್ತರ: ತಂಗಿ, ಮೊದಲು ಆ ಮೀಟರ್ ವಿಷ್ಯ ಹೇಳ್ತೀನಿ. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಉಪ್ಪು ಸುಣ್ಣ ಎಲ್ಲಾ ಸೇರಿಸಿ ಒಟ್ಟು ಲೆಕ್ಕ, ಅಷ್ಟೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು ಅಂತ ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತೆ, ಆ ಲೆಕ್ಕದಲ್ಲಿ ನಿಮ್ಮ 420 ಪಾಸೇ. ಆದ್ರೆ ಜಾಸ್ತಿಯಾದ್ರೆ ಹಲ್ಲು ಮೂಳೆ ಹಾಳು ಮಾಡೋ ಫ್ಲೋರೈಡ್ ಅನ್ನೋ ಲವಣ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಬಹುದು ಅಂತಾನೂ ಅದೇ ಮಾನಕದಲ್ಲಿದೆ. ಈಗ ಯೋಚನೆ ಮಾಡಿ, 420ರಲ್ಲಿ ಮೂರು ಮಿಲಿಗ್ರಾಂ ಫ್ಲೋರೈಡ್ ಬಚ್ಚಿಟ್ಕೊಂಡಿದ್ರೆ ಆ ಮೀಟರಿಗೆ ಹೇಗೆ ಗೊತ್ತಾಗ್ಬೇಕು? ರುಚಿಗೂ ಗೊತ್ತಾಗಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ, ಬೇಳೆ ಚೆನ್ನಾಗೇ ಬೇಯುತ್ತೆ. ನಮ್ಮ ಕಡೆ ನೆಲದಡಿ ಗ್ರಾನೈಟ್ ಬಂಡೆ, ಸಾವಿರ ಸಾವಿರದೈನೂರು ಅಡಿ ಕೊರೆದು ತೆಗೆಯೋ ನೀರು ಎಷ್ಟೋ ಕಾಲ ಆ ಬಂಡೆ ಸಂದಿಯಲ್ಲೇ ನಿಂತು ಫ್ಲೋರೈಡ್ ಕರಗಿಸ್ಕೊಂಡಿರುತ್ತೆ. ಬಾಗೇಪಲ್ಲಿ, ಗುಡಿಬಂಡೆ, ಆ ಕಡೆ ತುಮಕೂರು ಜಿಲ್ಲೆಯ ಪಾವಗಡ, ಎಲ್ಲಾ ಕಡೆ ಇದೇ ಗೋಳು.

ಮಗನ ಹಲ್ಲಿನ ಗೆರೆ ನೋಡಿದ್ರೆ ನನಗೆ ಫ್ಲೋರೈಡ್ ಮೇಲೇ ಅನುಮಾನ, ಆದ್ರೂ ಒಂದ್ಸಲ ಹಲ್ಲಿನ ಡಾಕ್ಟ್ರಿಗೆ ತೋರಿಸಿ ಖಾತ್ರಿ ಮಾಡ್ಕೊಳ್ಳಿ. ಒಂದು ಮಾತು ಮನಸಲ್ಲಿಟ್ಕೊಳ್ಳಿ, ಈಗ ಕಾಣ್ತಿರೋ ಗೆರೆ ಈ ವರ್ಷದ ನೀರಿಂದ ಆಗಿದ್ದಲ್ಲ. ಆ ಹಲ್ಲು ವಸಡಿನೊಳಗೆ ತಯಾರಾಗೋದು ಮಗು ಹುಟ್ಟಿ ಕೆಲವು ತಿಂಗಳಿಂದ ನಾಲ್ಕೈದು ವರ್ಷದ ತನಕ, ಆಗ ಕುಡಿದ ನೀರಿನ ಗುರುತು ಅದು. ಅಂದ್ರೆ ನಿಮ್ಮ ಎರಡು ವರ್ಷದ ಮಗಳ ಹಲ್ಲು ಈಗ, ಇವತ್ತು, ಒಳಗೆ ತಯಾರಾಗ್ತಾ ಇದೆ. ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು. ಹಲ್ಲಿಗೇ ಮುಗಿಯೋದಾದ್ರೆ ಹೇಗೋ ಸುಧಾರಿಸ್ಕೊಬಹುದಿತ್ತು, ಮೂಳೆಗೂ ಇಳಿಯುತ್ತೆ. ನಮ್ಮ ದೊಡ್ಡಮ್ಮ ಐವತ್ತು ದಾಟೋ ಹೊತ್ತಿಗೆ ಕತ್ತು ತಿರುಗಿಸೋಕೆ ಆಗ್ತಿರ್ಲಿಲ್ಲ, ಹಿಂದಿಂದ ಯಾರಾದ್ರೂ ಕರೆದ್ರೆ ಇಡೀ ಮೈನೇ ತಿರುಗಿಸಿ ನೋಡೋರು, ನೆಲದಿಂದ ಏಳ್ಬೇಕಾದ್ರೆ ಗೋಡೆ ಹಿಡ್ಕೊಳ್ಳೋರು. ವಯಸ್ಸಾಯ್ತು, ವಾಯು ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಯಾವ ನೀರು ಕುಡೀತೀರಾ ಅಂತ ಕೇಳಿದ ಮೊದಲ ಡಾಕ್ಟರ್ ಸಿಗೋಕೆ ಎಷ್ಟೋ ವರ್ಷ ಹಿಡೀತು.

ಇನ್ನು ಕಾಯಿಸೋದು. ಅತ್ತೆ ಹೇಳೋದು ರೋಗಾಣುಗಳ ವಿಷ್ಯಕ್ಕೆ ನಿಜ, ಚೆನ್ನಾಗಿ ಕೊತಕೊತ ಒಂದು ನಿಮಿಷ ಕುದಿಸಿದ್ರೆ ಅವೆಲ್ಲ ಸಾಯ್ತವೆ. ಫ್ಲೋರೈಡ್ ಮಾತ್ರ ಆವಿಯಾಗಿ ಹೋಗಲ್ಲ, ಪಾತ್ರೇಲೇ ಉಳಿಯುತ್ತೆ. ಲೀಟರಿಗೆ ಎರಡು ಮಿಲಿಗ್ರಾಂ ಇರೋ ನೀರು ಎರಡು ಲೀಟರ್ ಇಟ್ಟು ಒಂದೂವರೆ ಲೀಟರಿಗೆ ಇಳಿಸಿದ್ರಿ ಅಂದ್ಕೊಳ್ಳಿ, ಈಗ ಲೀಟರಿಗೆ ಎರಡೂವರೆಗಿಂತ ಜಾಸ್ತಿ ಆಯ್ತು. ಅತ್ತೆಗೆ ಬೇಜಾರಾಗದ ಹಾಗೆ ನೀವೇ ತಿಳಿಸಿ ಹೇಳಿ.

ಹಾಗಾಗಿ ಮೊದಲ ಕೆಲಸ ನೀರು ಟೆಸ್ಟ್ ಮಾಡಿಸೋದು. ಪಂಚಾಯ್ತೀಲಿ ಜಲಜೀವನ್ ಮಿಷನ್ನಿನ ಟೆಸ್ಟ್ ಕಿಟ್ ಕೊಟ್ಟಿರ್ತಾರೆ, ಕೆಲವು ಹೆಣ್ಮಕ್ಕಳಿಗೆ ಟ್ರೇನಿಂಗೂ ಆಗಿರುತ್ತೆ, ನೀರಿಗೆ ಔಷಧಿ ಹನಿ ಹಾಕಿ ಬಣ್ಣ ನೋಡಿ ಹೇಳ್ತಾರೆ. ಅದರಲ್ಲಿ ಜಾಸ್ತಿ ಅಂತ ಬಂದ್ರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲ್ ತಗೊಳ್ಳಿ, ಗಾಜಿಂದು ಬೇಡ, ಫ್ಲೋರೈಡ್ ಗಾಜಿಗೆ ಅಂಟುತ್ತೆ. ನಲ್ಲಿ ಎರಡು ಮೂರು ನಿಮಿಷ ಸುಮ್ನೆ ಬಿಟ್ಟು, ಅದೇ ನೀರಲ್ಲಿ ಬಾಟಲ್ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿಸಿ. ಫ್ಲೋರೈಡ್, ನೈಟ್ರೇಟ್ (ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರೋ ಲವಣ), ಗಡಸುತನ ನೋಡಿ ಅಂತ ಬಾಯ್ಬಿಟ್ಟು ಕೇಳಿ. ರೋಗಾಣು ಟೆಸ್ಟಿಗೆ ಬೇರೆ ಬಾಟಲ್ ಬೇಕಾಗುತ್ತೆ, ಅದನ್ನ ಲ್ಯಾಬಿನವರೇ ಕೊಡ್ತಾರೆ.

ಫ್ಲೋರೈಡ್ 1.5 ದಾಟಿದ್ರೆ ಆ ನಲ್ಲಿ ನೀರು ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ. ಕುಡಿಯೋಕೂ ಬೇಡ, ಅಡಿಗೆಗೂ ಬೇಡ. ಈ ಅಡಿಗೆ ವಿಷ್ಯದಲ್ಲೇ ಎಲ್ರೂ ಎಡವೋದು. ಮೊನ್ನೆ ನೆಂಟರ ಮನೇಲಿ ನೋಡ್ದೆ, ಕುಡಿಯೋಕೆ ಘಟಕದ ನೀರು ಸ್ಟೀಲ್ ಬಿಂದಿಗೇಲಿ ಮುಚ್ಚಿಟ್ಟು ಇಟ್ಟಿದ್ರು, ಎಸರಿಗೆ ಮಾತ್ರ ನೇರ ನಲ್ಲಿಯಿಂದ ಪಾತ್ರೆ ಹಿಡಿದ್ರು. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು ಹಾಕಿ ತೊಳಸ್ತೀವಿ, ಮುದ್ದೇಲಿ ಅರ್ಧಕ್ಕಿಂತ ಹೆಚ್ಚು ನೀರೇ ಅಲ್ವಾ? ಅನ್ನ ಹೀರ್ಕೊಳ್ಳೋದು ನೀರನ್ನೇ, ಬಸ್ಸಾರು ಅಂದ್ರೆ ಬೇಯಿಸಿದ ಕಟ್ಟೇ, ಅದಾದ ಮೇಲೆ ದಿನಕ್ಕೆ ಎರಡು ಸಲ ಟೀ. ಟೀ ಸೊಪ್ಪಲ್ಲೂ ಸ್ವಲ್ಪ ಫ್ಲೋರೈಡ್ ಇರುತ್ತೆ, ಮಕ್ಕಳಿಗೆ ಟೀ ಕೊಡಲೇಬೇಡಿ. ಕುಡಿಯೋದು ಒಂದು ನೀರು, ಉಣ್ಣೋದು ಇನ್ನೊಂದು ನೀರು ಆದ್ರೆ ದುಡ್ಡು ಕೊಟ್ಟು ತಂದಿದ್ದರಲ್ಲಿ ಅರ್ಧ ವ್ಯರ್ಥ.

ಘಟಕದ ನೀರೇ ನಿಮಗೆ ಸರಿ ಅನ್ಸುತ್ತೆ, ಅಲ್ಲಿರೋದು ಆರ್‌ಒ ಮಿಷನ್ನು, ಅಂದ್ರೆ ನೀರನ್ನ ಒತ್ತಡದಲ್ಲಿ ಮೆಂಬ್ರೇನ್ ಅನ್ನೋ ತೆಳು ಪೊರೆ ಮೂಲಕ ಸೋಸೋದು, ಆ ಮೆಂಬ್ರೇನ್ ಚೆನ್ನಾಗಿದ್ರೆ ಫ್ಲೋರೈಡನ್ನ ಬಹುಪಾಲು ತೆಗೆಯುತ್ತೆ. ದಿನಕ್ಕೊಂದು ಕ್ಯಾನ್ ಅಂದ್ರೆ ತಿಂಗಳಿಗೆ 150 ರೂಪಾಯಿ, ಟೌನಿನ ಕ್ಯಾನಿಗೆ 1050. ಆದ್ರೆ ಮೆಂಬ್ರೇನ್ ಯಾವಾಗ ಬದಲಾಯಿಸಿದ್ರು ಅಂತ ಕೇಳಿ. ಇಲ್ಲಿ ಆ ಟಿಡಿಎಸ್ ಮೀಟರ್ ಕೆಲಸಕ್ಕೆ ಬರುತ್ತೆ ನೋಡಿ, ನಿಮ್ಮ ನಲ್ಲೀಲಿ 420 ಇದ್ದು ಘಟಕದ್ದೂ ಅದೇ ಬೋರ್ ನೀರಾಗಿದ್ರೆ ಹೊರಗೆ ಬರೋದು ನೂರರೊಳಗೆ ಇರ್ಬೇಕು, ಅದೂ 350 ತೋರಿಸ್ತಿದ್ರೆ ಮೆಂಬ್ರೇನ್ ಹೋಗಿದೆ ಇಲ್ಲ ಹಸಿ ನೀರು ಬೆರೀತಾ ಇದೆ ಅಂತ ಅರ್ಥ. ಆಗ ನಾಲ್ಕು ಜನ ಸೇರಿ ಪಂಚಾಯ್ತಿಗೆ ಹೋಗಿ ಕೇಳಿ. ಮುಂದೆ ಮನೆಗೇ ಆರ್‌ಒ ಹಾಕಿಸಿದ್ರೆ ಒಂದು ಎಚ್ಚರ, ಸರ್ವಿಸಿನವರು ರುಚಿ ಬರ್ಲಿ ಅಂತ ಟಿಡಿಎಸ್ ಕಂಟ್ರೋಲರ್ ತಿರುಗಿಸಿ ಹೋಗ್ತಾರೆ, ಅದು ಫಿಲ್ಟರ್ ಆಗದ ನೀರನ್ನ ಸ್ವಲ್ಪ ಬೆರೆಸೋ ವಾಲ್ವು. ನಮ್ಮನೇಲೂ ಹಾಗೇ ಮಾಡಿ ಹೋಗಿದ್ರು, ತಿಂಗಳುಗಟ್ಲೆ ಗೊತ್ತೇ ಆಗ್ಲಿಲ್ಲ. ಫ್ಲೋರೈಡ್ ಇರೋ ಊರಲ್ಲಿ ಆ ವಾಲ್ವ್ ಪೂರ್ತಿ ಬಂದ್ ಇರ್ಬೇಕು. ಬರೀ ಕ್ಯಾಂಡಲ್ ಫಿಲ್ಟರು, ಇದ್ದಿಲಿನ ಕಾರ್ಬನ್ ಫಿಲ್ಟರು, ಬೆಳಕಿಂದ ರೋಗಾಣು ಸಾಯಿಸೋ ಯುವಿ ಇವು ಫ್ಲೋರೈಡ್ ತೆಗೆಯಲ್ಲ. ಆರ್‌ಒ ಹೊರಗೆ ಬಿಡೋ ನೀರನ್ನ ನೆಲ ಒರೆಸೋಕೆ ಇಟ್ಕೊಳ್ಳಿ, ಹಸು ಕರುಗೆ ಮಾತ್ರ ಕುಡಿಸ್ಬೇಡಿ, ಅದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತೆ, ದನಗಳ ಹಲ್ಲು ಮೂಳೇನೂ ಹಾಳಾಗುತ್ತೆ.

ಟೌನಿನ ಕ್ಯಾನೂ ಹೆಚ್ಚಾಗಿ ಬೋರ್ ನೀರನ್ನೇ ಆರ್‌ಒ ಮಾಡಿ ತುಂಬಿಸಿದ್ದು. ಸೀಲು, ತಯಾರಾದ ತಾರೀಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಐಎಸ್ 14543 ಅಂತಿರೋ ಐಎಸ್‌ಐ ಮಾರ್ಕು ಇದ್ರೆ ತಗೊಳ್ಳಿ. ಲೇಬಲ್ಲೇ ಇಲ್ಲದ ನೀಲಿ ಕ್ಯಾನನ್ನ ಘಟಕದ ನೀರಿಗಿಂತ ಮೇಲು ಅಂದ್ಕೊಳ್ಳೋಕೆ ಕಾರಣಾನೇ ಇಲ್ಲ.

ಪ್ರಶ್ನೆ: ಚಿಕ್ಕಬಳ್ಳಾಪುರ ಟೌನಲ್ಲೇ ನಮ್ಮನೆ. ಜಕ್ಕಲಮಡುಗು ಜಲಾಶಯದ ನೀರು ಬಿಡ್ತಾರೆ. ಎಲ್ರೂ ಆರ್‌ಒ ಹಾಕಿಸ್ಕೊಂಡಿದಾರೆ, ನಾವೂ ಹಾಕಿಸ್ಬೇಕಾ?

ಉತ್ತರ: ಎಲ್ರೂ ಹಾಕಿಸಿದಾರೆ ಅಂತ ಬೇಡ. ಜಲಾಶಯದ ನೀರು ಮಳೆ ನೀರು, ಆಳದ ಬೋರಿನ ಹಾಗೆ ಬಂಡೆಯ ಉಪ್ಪು ಅದರಲ್ಲಿ ಅಷ್ಟು ಇರಲ್ಲ. ಟಿಡಿಎಸ್ 500ರ ಒಳಗಿರೋ ಕಡೆ ಮನೆ ಆರ್‌ಒ ಬೇಡ, ನಿಷೇಧಿಸಿ ಅಂತ 2019ರಲ್ಲಿ ಹಸಿರು ನ್ಯಾಯಮಂಡಳೀನೇ ಸರ್ಕಾರಕ್ಕೆ ಹೇಳಿತ್ತು, ಯಾಕಂದ್ರೆ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಚರಂಡಿಗೆ ಹೋಗುತ್ತೆ, ನೀರಿಗೆ ಇಷ್ಟು ಕಷ್ಟ ಇರೋ ಜಿಲ್ಲೇಲಿ ಅದು ಸಂಕಟದ ವಿಷ್ಯ. ನಿಮಗೆ ಯುವಿ ಫಿಲ್ಟರ್ ಸಾಕು, ಇಲ್ಲ ಕಾಯಿಸಿ ಆರಿಸಿ ಕುಡೀರಿ. ಬೇಸಿಗೇಲಿ ಬೋರ್ ನೀರು ಬೆರೆಸ್ತಾರಾ ಅಂತ ವಾಟರ್‌ಮ್ಯಾನನ್ನ ಕೇಳಿಟ್ಕೊಳ್ಳಿ, ಬೆರೆಸೋದಾದ್ರೆ ಒಂದ್ಸಲ ಫ್ಲೋರೈಡ್ ಟೆಸ್ಟ್ ಮಾಡಿಸಿ. ಎಷ್ಟೋ ಸಲ ಕೊಳಕು ಪೈಪಲ್ಲಿ ಇರಲ್ಲ, ನಮ್ಮ ಸಂಪಲ್ಲೇ ಇರುತ್ತೆ, ಆರು ತಿಂಗಳಿಗೊಂದ್ಸಲ ಖಾಲಿ ಮಾಡಿ ಉಜ್ಜಿಸಿ.

ಪ್ರಶ್ನೆ: ಶಿಡ್ಲಘಟ್ಟ ಕಡೆಯವ್ರು ನಾವು. ಎಚ್‌ಎನ್ ವ್ಯಾಲಿ ನೀರು ನಮ್ಮ ಕೆರೆಗೆ ಬಂದ ಮೇಲೆ ಒಣಗಿದ್ದ ಬೋರಲ್ಲಿ ನೀರು ಬಂತು. ಆ ಬೋರ್ ನೀರು ಕುಡೀಬಹುದಾ?

ಉತ್ತರ: ಬೋರಲ್ಲಿ ನೀರು ಬಂದಿದ್ದು ಸಂತೋಷ, ಆ ಯೋಜನೆ ಇರೋದೂ ಅದಕ್ಕೇ. ಅದು ಬೆಂಗಳೂರಿನ ಹೆಬ್ಬಾಳ ನಾಗವಾರ ಕಡೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೆರೆ ತುಂಬಿಸೋದು, ಅಂತರ್ಜಲ ಮೇಲೆ ಬರ್ಲಿ ಅಂತ. ಕೆರೆ ನೀರನ್ನ ನೇರ ಕುಡಿಯೋ ಮಾತೇ ಬೇಡ. ಬೋರ್ ನೀರನ್ನ ಟೆಸ್ಟ್ ಆಗೋವರೆಗೂ ಕುಡಿಯೋಕೆ ಬಳಸ್ಬೇಡಿ, ಫ್ಲೋರೈಡ್ ಜೊತೆಗೆ ರೋಗಾಣು ಮತ್ತು ನೈಟ್ರೇಟ್ ನೋಡಿಸಿ, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಒಂದ್ಸಲ ಮಾಡಿಸಿ ಬಿಡೋ ಹಾಗಿಲ್ಲ, ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಂದು, ಆದ್ಮೇಲೆ ಒಂದು. ಮನೇಲಿ ಆರು ತಿಂಗಳೊಳಗಿನ ಕೂಸಿಗೆ ಬಾಟಲ್ ಹಾಲು ಕಲಸ್ತಿದ್ರೆ ನೈಟ್ರೇಟ್ ಇರೋ ನೀರು ಅಪಾಯ, ರಕ್ತದಲ್ಲಿ ಆಮ್ಲಜನಕ ಕಮ್ಮಿಯಾಗಿ ಮಗು ನೀಲಿಗಟ್ಟುತ್ತೆ. ನೈಟ್ರೇಟ್ ಕೂಡ ಕಾಯಿಸಿದ್ರೆ ಹೋಗಲ್ಲ.

ಪ್ರಶ್ನೆ: ತಾಮ್ರದ ಬಿಂದಿಗೇಲಿ ರಾತ್ರಿಯೆಲ್ಲಾ ಇಟ್ರೆ ಫ್ಲೋರೈಡ್ ಹೋಗುತ್ತಂತೆ ಹೌದಾ? ನಮ್ಮದು ಗುಡಿಬಂಡೆ, ಆರ್‌ಒ ಹಾಕಿಸೋ ಶಕ್ತಿ ಇಲ್ಲ, ಘಟಕ ಕೆಟ್ಟು ನಿಂತಿದೆ.

ಉತ್ತರ: ಇಲ್ಲಮ್ಮ, ತಾಮ್ರ ಕೆಲವು ರೋಗಾಣು ಸಾಯಿಸುತ್ತೆ, ಫ್ಲೋರೈಡ್ ಹಾಗೇ ಇರುತ್ತೆ. ನಿಮಗೆ ಮಳೆ ನೀರೇ ದಾರಿ, ಅದರಲ್ಲಿ ಫ್ಲೋರೈಡ್ ಇಲ್ಲ ಅನ್ನೋ ಅಷ್ಟು ಕಮ್ಮಿ. ಸಾವಿರ ಚದರಡಿ ತಾರಸಿ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ರೆ 900 ಲೀಟರಿಗಿಂತ ಜಾಸ್ತಿ, ಚೆಲ್ಲಿದ್ದು ಹೋದ್ರೂ 700 ಸಿಕ್ಕೇ ಸಿಗುತ್ತೆ. ಐದು ಜನಕ್ಕೆ ಕುಡಿಯೋಕೆ ಅಡಿಗೆಗೆ ಸೇರಿ ದಿನಕ್ಕೆ 25 ಲೀಟರ್ ಅಂದ್ರೂ ಒಂದು ಒಳ್ಳೆ ಮಳೆಗೆ ನಾಲ್ಕು ವಾರ ಆಯ್ತು. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ ತೊಳೆದಿಡಿ, ಮೊದಲ ಹತ್ತು ಹದಿನೈದು ನಿಮಿಷದ ಮಳೆ ಹೊರಗೆ ಹೋಗ್ಲಿ, ಆಮೇಲೆ ಪೈಪಿನ ಬಾಯಿಗೆ ನಾಲ್ಕು ಮಡಿಕೆ ಕಾಟನ್ ಸೀರೆ ಬಟ್ಟೆ ಕಟ್ಟಿ, ಮುಚ್ಚಳ ಭದ್ರವಾಗಿರೋ ಕಪ್ಪು ಟ್ಯಾಂಕಿಗೆ ಬಿಡಿ, ಬೆಳಕು ಬಿದ್ರೆ ಪಾಚಿ ಕಟ್ಟುತ್ತೆ. ಕುಡಿಯೋ ಮುಂಚೆ ಈ ನೀರನ್ನ ಮಾತ್ರ ಧಾರಾಳವಾಗಿ ಕಾಯಿಸಿ.