ಒಂದು ಉದ್ದ, ಎರಡು ಗಿಡ್ಡ ಬೀಪ್: ಮೊದಲು ಗ್ರಾಫಿಕ್ಸ್ ಕಾರ್ಡ್ ನೋಡಿ

ಕಂಪ್ಯೂಟರ್ ಒಳಗಿನ ಧೂಳು ಒರೆಸಿದ ಮೇಲೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಒಂದು ಉದ್ದ ಎರಡು ಗಿಡ್ಡ ಬೀಪ್ ಅಂದಿರಿ. ನಿಮ್ಮದು ಅವಾರ್ಡ್ ಕಂಪನಿಯ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಆದ್ದರಿಂದ ಇದು ಡಿಸ್‌ಪ್ಲೇ ದೋಷ, ಅಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕಡೆಯ ತೊಂದರೆ. ರ‍್ಯಾಮ್ ಕೆಟ್ಟಿದ್ದರೆ ಸಾಮಾನ್ಯವಾಗಿ ಉದ್ದದ ಬೀಪ್ ಬಿಟ್ಟುಬಿಟ್ಟು ಬರುತ್ತಲೇ ಇರುತ್ತದೆ. ಆನ್ ಮಾಡಿದೊಡನೆ ಕಂಪ್ಯೂಟರ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಸ್ವಯಂಪರೀಕ್ಷೆಯಲ್ಲಿ ಪ್ರೊಸೆಸರ್, ರ‍್ಯಾಮ್ ಆದಮೇಲೆ ಡಿಸ್‌ಪ್ಲೇ ಸರದಿ. ಅದೇ ಏಳದಿದ್ದರೆ ತಪ್ಪನ್ನು ತೋರಿಸಲು ಪರದೆ ಇಲ್ಲ, ಹಾಗಾಗಿ ಸ್ಪೀಕರ್ ಮೂಲಕ ಹೇಳುತ್ತದೆ. ಅಂದರೆ ನಿಮ್ಮ ಮದರ್‌ಬೋರ್ಡ್ ಬಹುಪಾಲು ಚೆನ್ನಾಗಿಯೇ ಇದೆ, ಹೊಸದು ಕೊಳ್ಳಲು ಹೋಗಬೇಡಿ.

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ. ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್ ತುದಿಯ ಕೊಕ್ಕೆ ಸಡಿಲಿಸಿ ಕಾರ್ಡ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಪೂರ್ತಿ ಒರೆಸಿ, ಕೊಕ್ಕೆ 'ಟಕ್' ಅನ್ನುವವರೆಗೆ ನೇರವಾಗಿ ಒತ್ತಿ ಕೂರಿಸಿ. ಕಾರ್ಡ್‌ಗೆ 6 ಪಿನ್ ಪವರ್ ಕೇಬಲ್ ಇದ್ದರೆ ಅದನ್ನೂ ಗಟ್ಟಿಮಾಡಿ. ಧೂಳು ತೆಗೆಯುವಾಗ ಇದು ಕಳಚಿರಬಹುದು.

ಆಮೇಲೂ ಅದೇ ಸದ್ದು ಬಂದರೆ ಕಾರ್ಡ್ ತೆಗೆದು ಮಾನಿಟರನ್ನು ಮದರ್‌ಬೋರ್ಡ್ ಪೋರ್ಟ್‌ಗೆ ಹಾಕಿ. ಆಗ ಚಿತ್ರ ಬಂದರೆ ತೊಂದರೆ ಕಾರ್ಡ್ ಕಡೆಯದು. ಆದರೆ ಬೋರ್ಡ್ ಅಥವಾ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್ ಇಲ್ಲದಾಗಲೂ ಇದೇ ಬೀಪ್ ಬರಬಹುದು, ಅದರಿಂದ ಏನೂ ತೀರ್ಮಾನಿಸಬೇಡಿ. ಬೇರೆ ಒಳ್ಳೆಯ ಕಾರ್ಡ್ ಹಾಕಿ ನೋಡುವುದೊಂದೇ ದಾರಿ.