ಅವಳು ಬೆಂಗಳೂರು, ನಾನು ಮಂಗಳೂರು, ಮನೆ ಹಾಸನದಲ್ಲಿ

ನಿಮಗೆ ಮೈಸೂರಿನಲ್ಲಿ ಕೆಲಸ, ಮದುವೆ ಗೊತ್ತಾಗಿರುವ ಹುಡುಗನಿಗೆ ಹುಬ್ಬಳ್ಳಿಯಲ್ಲಿ. ಇಬ್ಬರಿಗೂ ಕೆಲಸ ಬಿಡುವ ಮನಸ್ಸಿಲ್ಲ. ಮನೆ ಎಲ್ಲಿ ಮಾಡುವುದು, ನಡುವೆ ದಾವಣಗೆರೆಯಲ್ಲಿ ಮಾಡಿದರೆ ಇಬ್ಬರಿಗೂ ಸಮ ಆಗುವುದಿಲ್ಲವೇ ಎಂದು ಕೇಳಿದ್ದೀರಿ.

ಬೇಡ ಮಾರಾಯ್ರೆ. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಆ ದಾವಣಗೆರೆಯನ್ನು ತಲೆಯಿಂದ ತೆಗೆಯಿರಿ. ಊರು ಒಳ್ಳೆಯದೇ, ಬೆಣ್ಣೆದೋಸೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದು ನಿಮಗೆ ನಡುವೆಯೂ ಅಲ್ಲ, ಹುಬ್ಬಳ್ಳಿಗೇ ಹತ್ತಿರ. ಮತ್ತೆ, ನಡುವಿನ ಊರಿನಲ್ಲಿ ಮನೆ ಮಾಡಿ ಹದಿನಾಲ್ಕು ತಿಂಗಳು ಬಾಡಿಗೆ ಕಟ್ಟಿದವನು ನಾನು. ಅದರ ಕಥೆ ಕೇಳಿ.

ನಾನು ಮಂಗಳೂರಿನ ಪಣಂಬೂರಿನಲ್ಲಿ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿದ್ದೇನೆ. ಬಂದರಿನಿಂದ ಹೋಗುವ ಕಾಫಿ, ಗೇರುಬೀಜದ ಕಂಟೇನರ್‌ಗಳಿಗೆ ಕಸ್ಟಮ್ಸ್ ಕಾಗದ ಮಾಡುವ ಕೆಲಸ. ಹೆಂಡತಿ ಬೆಂಗಳೂರಿನ ಒಂದು ಸ್ವಾಯತ್ತ ಸಂಸ್ಥೆಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಆ ಸಂಸ್ಥೆ ಇರುವುದು ಒಂದೇ ಊರಿನಲ್ಲಿ, ಹಾಗಾಗಿ ವರ್ಗಾವಣೆ ಎಂಬ ಮಾತೇ ಇಲ್ಲ. ನನ್ನ ಕೆಲಸ ಬೆಂಗಳೂರಿನಲ್ಲಿ ಸಿಗುವುದೇ ಇಲ್ಲವೆಂದಲ್ಲ. ವೈಟ್‌ಫೀಲ್ಡ್‌ನಲ್ಲಿ ಒಳನಾಡು ಕಂಟೇನರ್ ಡಿಪೋ ಉಂಟು, ಅಲ್ಲಿ ಎರಡು ಕಡೆ ಕೇಳಿಯೂ ನೋಡಿದೆ. ಸಂಬಳ ಕಡಿಮೆ ಅಂದರು. ನಿಜ ಹೇಳುವುದಾದರೆ ಸಂಬಳ ಒಂದು ನೆಪ. ಹದಿನೈದು ವರ್ಷದಿಂದ ಗುರುತಿರುವ ಬಂದರು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಪುತ್ತೂರಿನ ಹತ್ತಿರ ಅಮ್ಮ, ಒಂದಿಷ್ಟು ಅಡಿಕೆ ತೋಟ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನೀವಿಬ್ಬರೂ ಮಾತಾಡಲು ಕೂತಾಗ "ಆಗುವುದಿಲ್ಲ" ಯಾವುದು, "ಮನಸ್ಸಿಲ್ಲ" ಯಾವುದು ಎಂದು ಬೇರೆ ಬೇರೆ ಇಡಿ. ಮನಸ್ಸಿಲ್ಲ ಎನ್ನುವುದೂ ಕಾರಣವೇ, ತಪ್ಪಲ್ಲ. ಆದರೆ ಅದಕ್ಕೆ ಆಗುವುದಿಲ್ಲ ಎಂಬ ಅಂಗಿ ತೊಡಿಸಿದರೆ ಜಗಳ ವರ್ಷಗಟ್ಟಲೆ ಎಳೆಯುತ್ತದೆ.

ಮಂಗಳೂರು–ಬೆಂಗಳೂರು ಸುಮಾರು 350 ಕಿ.ಮೀ. ಹಾಸನ ಹೆಚ್ಚುಕಡಿಮೆ ಸರಿ ಅರ್ಧ. ಮ್ಯಾಪಿನ ಮೇಲೆ ಬೆರಳಿಟ್ಟು ಹಾಸನ ಎಂದವನು ನಾನೇ. ತಂಪು ಊರು, ರೈಲೂ ಉಂಟು, ಬಸ್ಸೂ ಉಂಟು, ಬಾಡಿಗೆ ಬೆಂಗಳೂರಿನ ಅರ್ಧ. 2022ರ ಜೂನ್‌ನಲ್ಲಿ ಒಂದು ಮನೆ ಹಿಡಿದೆವು. ಹಾಲು ಉಕ್ಕಿಸಿದೆವು. ಅಮ್ಮ ಬಂದು ತುಳಸಿ ನೆಟ್ಟರು.

ಈಗ ಲೆಕ್ಕ ಹಾಕಿ. ಹಾಸನದಿಂದ ದಿನಾ ಮಂಗಳೂರಿಗೆ ಹೋಗಿಬರಲು ಆಗುತ್ತದೆಯೇ? ಘಟ್ಟ ಇಳಿದು ಹತ್ತಬೇಕು, ಒಂದು ಸಲಕ್ಕೇ ನಾಲ್ಕು ತಾಸು. ಅವಳಿಗೂ ಬೆಂಗಳೂರು ದಿನಾ ಹೋಗಿಬರುವ ದಾರಿಯಲ್ಲ. ಹಾಗಾಗಿ ನನಗೆ ಪಣಂಬೂರಿನ ಹತ್ತಿರದ ಕುಳಾಯಿಯಲ್ಲಿ ಒಂದು ರೂಮು, ಅವಳಿಗೆ ಆಸ್ಪತ್ರೆಯ ಹತ್ತಿರ ಪಿ.ಜಿ., ಹಾಸನದಲ್ಲಿ ಮನೆ. ಎರಡು ಊರಿನ ಸಮಸ್ಯೆಗೆ ಮೂರು ಬಾಡಿಗೆ! ವಾರದಲ್ಲಿ ಐದಾರು ದಿನ ಹಾಸನದ ಮನೆಗೆ ಬೀಗ. ಶನಿವಾರ ರಾತ್ರಿ ಹೋಗಿ ಬಾಗಿಲು ತೆಗೆದರೆ ಮುಚ್ಚಿಟ್ಟ ಬಟ್ಟೆಯ ವಾಸನೆ. ಮಳೆಗಾಲದಲ್ಲಿ ಅಡುಗೆಮನೆಯ ಗೋಡೆಗೆ ಬೂಷ್ಟು. ಭಾನುವಾರ ಅರ್ಧ ದಿನ ಗುಡಿಸಿ ಒರೆಸುವುದರಲ್ಲಿ ಮುಗಿಯುತ್ತಿತ್ತು, ಉಳಿದರ್ಧ ದಿನ ಬಸ್ಸಿನ ಯೋಚನೆ.

ಅದಕ್ಕಿಂತ ದೊಡ್ಡ ಎಡವಟ್ಟು ಅವಳ ರಜೆಯದ್ದು. ನನಗೆ ಭಾನುವಾರ ರಜೆ, ಅದು ಕಲ್ಲಿನ ಮೇಲೆ ಬರೆದ ಹಾಗೆ. ಅವಳದ್ದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ. ವಾರದ ರಜೆ ಒಮ್ಮೆ ಮಂಗಳವಾರ, ಒಮ್ಮೆ ಶುಕ್ರವಾರ. ಡ್ಯೂಟಿ ಪಟ್ಟಿ ಕೈಗೆ ಬರುವುದೇ ತಿಂಗಳ ಕೊನೆಗೆ. ಹೀಗಾಗಿ ಎಷ್ಟೋ ಭಾನುವಾರ ನಾನೊಬ್ಬನೇ ಹಾಸನದಲ್ಲಿ, ಎಷ್ಟೋ ಮಂಗಳವಾರ ಅವಳೊಬ್ಬಳೇ. ಫ್ರಿಜ್ಜಿನಲ್ಲಿ ಒಬ್ಬರಿಗೊಬ್ಬರು ಸಾರು ಮಾಡಿಟ್ಟು ಹೋಗುತ್ತಿದ್ದೆವು. ಒಂದು ದಿನ ಮಾಲೀಕರ ಹೆಂಡತಿ ತುಳಸಿಗೆ ನೀರು ಹಾಕುತ್ತಾ ನನ್ನನ್ನು ಕೇಳಿದರು: "ನೀವಿಬ್ಬರೂ ಒಟ್ಟಿಗೆ ಇರೋದನ್ನ ನಾನು ನೋಡೇ ಇಲ್ವಲ್ಲಪ್ಪ, ಎಲ್ಲಾ ಸರಿಯಿದೆ ತಾನೆ?" ಸರಿಯಿದೆ ಅಮ್ಮ ಎಂದೆ. ಆ ಹದಿನಾಲ್ಕು ತಿಂಗಳಲ್ಲಿ ಆ ತುಳಸಿಗೆ ನಮಗಿಂತ ಹೆಚ್ಚು ನೀರು ಹಾಕಿದವರು ಅವರು.

ನಡುವಿನ ಊರಿನ ತೊಂದರೆ ಇದು. ಅಲ್ಲಿ ಇಬ್ಬರೂ ನೆಂಟರು. ಒಬ್ಬರಿಗೂ ಅಲ್ಲಿ ಕೆಲಸವಿಲ್ಲ, ಕಷ್ಟಕ್ಕೆ ಕರೆದರೆ ಬರುವವರಿಲ್ಲ, ಎರಡು ರೂಪಾಯಿ ಸಾಲ ಬರೆದುಕೊಳ್ಳುವ ಅಂಗಡಿಯಿಲ್ಲ. ನ್ಯಾಯ ಮಾತ್ರ ಸಮಪಾಲು, ಅನ್ಯಾಯವೂ ಸಮಪಾಲು.

ನಮ್ಮ ಕರಾವಳಿಯವರಿಗೆ ಗಂಡಹೆಂಡತಿ ಬೇರೆ ಊರಿನಲ್ಲಿರುವುದು ಹೊಸತಲ್ಲ. ಮುಂಬಯಿ ಹೋಟೆಲುಗಳಲ್ಲಿ ದುಡಿದು ವರ್ಷಕ್ಕೊಮ್ಮೆ ಬಂದವರು, ಈಗ ಗಲ್ಫಿನಿಂದ ಎರಡು ವರ್ಷಕ್ಕೊಮ್ಮೆ ಬರುವವರು ಮನೆಮನೆಯಲ್ಲೂ ಇದ್ದಾರೆ. ಹಿಂದೆ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಮನೆಗಳಲ್ಲಿ ಹೆಣ್ಣು ಮದುವೆಯಾದ ಮೇಲೂ ತಾಯಿಮನೆಯಲ್ಲೇ ಇದ್ದು, ಗಂಡ ಬಂದುಹೋಗುವುದೂ ಇತ್ತು. ನನ್ನ ಅಜ್ಜನೂ ಮುಂಬಯಿಯ ಕ್ಯಾಂಟೀನಿನಲ್ಲಿದ್ದವರೇ. ಹಾಗಾಗಿ "ದೂರ ಇದ್ದರೆ ಸಂಸಾರ ನಿಲ್ಲುವುದಿಲ್ಲ" ಎಂಬ ಮಾತನ್ನು ನಾನು ನಂಬುವುದಿಲ್ಲ. ಆದರೆ ಅಜ್ಜ ಮುಂಬಯಿಯಲ್ಲಿದ್ದಾಗ ಊರಿನ ಮನೆ ತುಂಬಿತ್ತು. ಅಜ್ಜಿಯ ಅಕ್ಕತಂಗಿಯರು, ಮಕ್ಕಳು, ದನ, ಆಳು. ದೂರ ಇದ್ದದ್ದು ಒಬ್ಬರು, ಮನೆ ಮನೆಯಾಗಿಯೇ ಇತ್ತು. ನಾವು ಹಾಸನದಲ್ಲಿ ಮಾಡಿದ್ದು ತಲೆಕೆಳಗು: ಇಬ್ಬರೂ ದೂರ, ಮನೆಯಲ್ಲಿ ಯಾರೂ ಇಲ್ಲ.

2023ರ ಆಗಸ್ಟ್‌ನಲ್ಲಿ ಹಾಸನ ಖಾಲಿ ಮಾಡಿದೆವು. ಅವಳು ಬಾಣಂತನಕ್ಕೆ ಸುಳ್ಯದ ತಾಯಿಮನೆಗೆ ಹೋದಳು, ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದಳು. ಹೆರಿಗೆ ರಜೆ ಮುಗಿಸಿ ಡ್ಯೂಟಿಗೆ ಹೋಗುವಾಗ ಬೆಂಗಳೂರಿನಲ್ಲಿ "ಸದ್ಯಕ್ಕೆ" ಅಂತ ಒಂದು ಸಣ್ಣ ಮನೆ, ಮಗುವನ್ನು ನೋಡಿಕೊಳ್ಳಲು "ಸದ್ಯಕ್ಕೆ" ನನ್ನ ಅಮ್ಮ. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ಮಂಚ ತರಲಿಲ್ಲ. ಮಗು ಸ್ವಲ್ಪ ದೊಡ್ಡದಾದ ಮೇಲೆ ಪುತ್ತೂರಿಗೆ ಕರೆದುಕೊಂಡು ಹೋದರಾಯಿತು, ಮನೆ ಅಂದರೆ ಅದೇ ಎಂದು ನನ್ನ ತಲೆಯಲ್ಲಿತ್ತು. ಹೆಂಡತಿಯ ತಲೆಯಲ್ಲಿ ಏನಿತ್ತು ಎಂದು ನಾನು ಕೇಳಿರಲಿಲ್ಲ.

2024ರ ಜುಲೈ ನೆನಪಿರಬಹುದು. 26ಕ್ಕೆ ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣೇ ಜಾರಿ ಬೆಂಗಳೂರು–ಮಂಗಳೂರು ರೈಲುಗಳು ನಿಂತವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಆ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ, ಒಂದು ಕಡೆ ಕೈಕೊಟ್ಟರೆ ಪೂರ್ತಿ ದಾರಿ ಬಂದ್. ಅದರ ಬೆನ್ನಿಗೇ 30ರಂದು ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆಯೂ ಮುಚ್ಚಿತು. ಅವತ್ತೇ ರಾತ್ರಿ ಫೋನ್. ಹತ್ತು ತಿಂಗಳ ಮಗುವಿಗೆ ಜ್ವರ ಏರಿದೆ, ಅವಳಿಗೆ ರಾತ್ರಿ ಪಾಳಿ, ಅಮ್ಮನಿಗೆ ಆ ಊರಿನಲ್ಲಿ ಆಸ್ಪತ್ರೆ ಯಾವ ದಿಕ್ಕಿಗೆ ಎಂದೂ ಗೊತ್ತಿಲ್ಲ.

ವಿಮಾನದ ದರ ನೋಡಿ ಫೋನ್ ಕೆಳಗಿಟ್ಟೆ. ಬುಧವಾರ ಬೆಳಿಗ್ಗೆ ಗೆಳೆಯನ ಕಾರಿನಲ್ಲಿ ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ ಎಂದು ಹೊರಟೆ. ನಾಡಿನ ಅರ್ಧ ವಾಹನ ಅದೇ ದಾರಿಯಲ್ಲಿತ್ತು. ಹದಿಮೂರು ತಾಸು ಹಿಡಿಯಿತು. ತಲುಪಿದಾಗ ಮಗಳು ನನ್ನ ಅಮ್ಮನ ತೊಡೆಯ ಮೇಲೆ ಕೂತು ರಾಗಿ ಮಣ್ಣಿ ತಿನ್ನುತ್ತಿದ್ದಳು. ಜ್ವರ ಮಧ್ಯಾಹ್ನವೇ ಇಳಿದಿತ್ತಂತೆ. ಹಿಂದಿನ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯ ಆಟೋದವರು ಅಜ್ಜಿ ಮೊಮ್ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎರಡು ತಾಸು ಕಾದು, ವಾಪಸು ತಂದು ಬಿಟ್ಟು, ಬಾಡಿಗೆ ಬೇಡ ಎಂದಿದ್ದರು. ಹೆಂಡತಿ ಬೈಯಲಿಲ್ಲ. "ನೀವು ಬಂದದ್ದು ಒಳ್ಳೆಯದಾಯಿತು, ಆದರೆ ನೀವು ಬರದಿದ್ದರೂ ಆಗುವ ಹಾಗೆ ಮನೆ ಇರಬೇಕು" ಎಂದಳು. ಮಾರನೆಯ ದಿನ ರಟ್ಟಿನ ಪೆಟ್ಟಿಗೆ ಬಿಚ್ಚಿದೆವು.

ಎಲ್ಲರೂ ಶನಿವಾರ ಭಾನುವಾರದ ಲೆಕ್ಕ ಹಾಕುತ್ತಾರೆ. ಎಷ್ಟು ತಾಸು ಪ್ರಯಾಣ, ಯಾವ ರೈಲು, ತಿಂಗಳಿಗೆ ಎಷ್ಟು ಸಲ. ನೀವು ಬುಧವಾರದ ಲೆಕ್ಕ ಹಾಕಿ. ಬುಧವಾರ ಸಂಜೆ ಗ್ಯಾಸ್ ಖಾಲಿಯಾದರೆ, ನಲ್ಲಿ ಒಡೆದರೆ, ಮಗುವಿನ ಶಾಲೆಯಿಂದ ಫೋನ್ ಬಂದರೆ ಯಾರಿರುತ್ತಾರೆ? ಆ ದಿನ ಯಾರಾದರೂ ಇರುವ ಊರಿನಲ್ಲಿ ಮನೆ. ಸಂಬಳ ಯಾರದ್ದು ದೊಡ್ಡದು ಎಂಬುದು ಅದರ ನಂತರ ಬರಬೇಕಾದ ಮಾತು. ನಮ್ಮಲ್ಲಿ ನನ್ನದೇ ಸ್ವಲ್ಪ ಹೆಚ್ಚು, ಆದರೂ ಮನೆ ಅವಳ ಊರಿನಲ್ಲಿ.

ಇಬ್ಬರ ಊರಿನಲ್ಲೂ ಬುಧವಾರಕ್ಕೆ ಜನ ಇದ್ದಾರೆ ಎನ್ನಿ, ಆಗ ರಜೆ ನೋಡಿ. ರಜೆ ಯಾವತ್ತೆಂದು ಎರಡು ತಿಂಗಳು ಮೊದಲೇ ಗೊತ್ತಿರುವವರು ಪ್ರಯಾಣ ಮಾಡಲಿ, ಗೊತ್ತಿಲ್ಲದವರು ಮನೆಯಲ್ಲಿರಲಿ. ರೈಲು ಬುಕಿಂಗ್ ತೆರೆಯುವುದು 60 ದಿನ ಮೊದಲು (2024ರ ನವೆಂಬರ್‌ವರೆಗೆ 120 ಇತ್ತು). ಡ್ಯೂಟಿ ಪಟ್ಟಿ ತಿಂಗಳ ಕೊನೆಗೆ ಬರುವ ನನ್ನ ಹೆಂಡತಿ ಆ ಆಟದಲ್ಲಿ ಗೆಲ್ಲುವುದು ಯಾವಾಗ? ಹಾಗಾಗಿ ಶನಿವಾರ ರಾತ್ರಿ ಬಸ್ಸು ಹತ್ತುವವನು ನಾನು, ಭಾನುವಾರ ರಾತ್ರಿ ವಾಪಸು. ತಿಂಗಳಿಗೆ ಮೂರು ಸಲ. ಅವಳಿಗೆ ಆ ದಿನ ಡ್ಯೂಟಿ ಇದ್ದರೂ ಪಾಳಿ ಮುಗಿಸಿ ಬರುವುದು ಮನೆಗೇ.

ಇದಕ್ಕೆ ಊರಿನಲ್ಲಿ ಏನು ಅನ್ನುತ್ತಾರೆಂದು ಊಹಿಸಬಹುದು. ಮೊದಲು "ಅವಳು ಕೆಲಸ ಬಿಡಲಿ", ಆಮೇಲೆ "ಇವನು ಹೆಂಡತಿಯ ಊರು ಸೇರಿದ". ನನ್ನ ಅಮ್ಮನಿಗೂ ಬೆಂಗಳೂರು ಹಿಡಿಸಿಲ್ಲ, ನೀರಿನ ರುಚಿ ಸರಿಯಿಲ್ಲ ಅನ್ನುತ್ತಾರೆ. ಅವರ ಕುಚ್ಚಲಕ್ಕಿ ತಿಂಗಳಿಗೊಮ್ಮೆ ನನ್ನ ಜೊತೆ ಬಸ್ಸಿನ ಡಿಕ್ಕಿಯಲ್ಲಿ ಬರುತ್ತದೆ. ಅವರು ಎರಡು ತಿಂಗಳು ಇದ್ದು ಒಂದು ತಿಂಗಳು ತೋಟಕ್ಕೆ ಹೋಗುತ್ತಾರೆ, ಆಗ ಅತ್ತೆ ಬರುತ್ತಾರೆ. ತೋಟದ ಅಡಿಕೆಗೆ ಮದ್ದು ಸಿಂಪಡಿಸುವ ಕೆಲಸ ಪ್ರತಿ ಮಳೆಗಾಲ ತಡವಾಗುತ್ತದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಊರು ಆರಿಸಿದ ಮೇಲೆ, ಆ ಊರಿಗೆ ನೀವು ಒಳಬರುವ ಬಾಗಿಲಿನ ಹತ್ತಿರ ಮನೆ ಹಿಡಿಯಿರಿ. ಮಂಗಳೂರಿನ ಬಸ್ಸುಗಳು ನೆಲಮಂಗಲದ ಮೇಲೆ ತುಮಕೂರು ರಸ್ತೆಯಲ್ಲಿ ಬರುತ್ತವೆ. ನಾವೀಗ ಜಾಲಹಳ್ಳಿ ಕ್ರಾಸಿನ ಹತ್ತಿರ ಇದ್ದೇವೆ. ಬೆಳಗಿನ ಐದೂವರೆಗೆ ಇಳಿದು ನಡೆದು ಮನೆ ಸೇರುತ್ತೇನೆ, ಮಗಳು ಏಳುವ ಮೊದಲು ಒಂದು ಸಣ್ಣ ನಿದ್ದೆಯೂ ಆಗುತ್ತದೆ. ಮೊದಲಿನ ಮನೆ ಊರಿನ ಆ ತುದಿಯಲ್ಲಿತ್ತು. ಭಾನುವಾರ ಮೆಟ್ರೋ ಶುರುವಾಗುವುದೇ ಏಳಕ್ಕೆ, ಮನೆ ಮುಟ್ಟುವಾಗ ಎಂಟೂವರೆ. ಹೆಂಡತಿಗೆ ಇಲ್ಲಿಂದ ಹಸಿರು ಮಾರ್ಗದ ಮೆಟ್ರೋ ಉಂಟು. ನಿಮ್ಮ ದಾರಿಯಲ್ಲಿ ಘಟ್ಟವಿಲ್ಲ, ಅದೇ ದೊಡ್ಡ ಪುಣ್ಯ. ಹಾಸನ, ಅರಸೀಕೆರೆ ಮೇಲೆ ರಾತ್ರಿ ರೈಲೂ ಉಂಟು. ಮೈಸೂರಾಗಲಿ ಹುಬ್ಬಳ್ಳಿಯಾಗಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದೊಳಗೆ ಸಿಗುವ ಮನೆ ನೋಡಿ, ಬಾಡಿಗೆ ಎರಡು ಸಾವಿರ ಹೆಚ್ಚಾದರೂ.

ದುಡ್ಡಿನ ಬಗ್ಗೆ: ಪ್ರಯಾಣ ಮಾಡುವವರ ರೂಮು ಆದಷ್ಟು ಅಗ್ಗದ್ದಿರಲಿ, ನಾನು ಇನ್ನಿಬ್ಬರ ಜೊತೆ ಹಂಚಿಕೊಂಡಿದ್ದೇನೆ. ಎರಡು ಬಾಡಿಗೆಗೂ ತೆರಿಗೆಯಲ್ಲಿ ಏನಾದರೂ ಸಿಗುತ್ತದೆ ಎಂದುಕೊಳ್ಳಬೇಡಿ, ಎಚ್‌ಆರ್‌ಎ (ಮನೆಬಾಡಿಗೆ ಭತ್ಯೆ) ವಿನಾಯಿತಿ ಇರುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಪ್ರಯಾಣದ ಖರ್ಚು ಇಬ್ಬರ ಸಂಬಳದಿಂದಲೂ ತೆಗೆದಿಡಿ. ಟಿಕೆಟ್ ದುಡ್ಡು ಒಬ್ಬರದೇ ಕಿಸೆಯಿಂದ ಹೋದರೆ "ನಾನೇ ಬರಬೇಕು, ನಾನೇ ಕೊಡಬೇಕು" ಎಂಬ ಮಾತು ಯಾವತ್ತಾದರೂ ಬಾಯಿಗೆ ಬರುತ್ತದೆ. ನನ್ನ ಬಾಯಿಗೆ ಬಂದಿತ್ತು.

ಅಡ್ವಾನ್ಸ್ ಕೊಡುವ ಮೊದಲು ಇಬ್ಬರೂ ಒಂದೊಂದು ಬುಧವಾರ ರಜೆ ಹಾಕಿ. ನೀವು ಹುಬ್ಬಳ್ಳಿಗೆ ಹೋಗಿ, ಇನ್ನೊಂದು ವಾರ ಅವರು ಮೈಸೂರಿಗೆ ಬರಲಿ. ಸುಮ್ಮನೆ ದಿನವಿಡೀ ಇದ್ದು, ರಾತ್ರಿ ಹತ್ತಕ್ಕೆ ಕಷ್ಟ ಬಂದರೆ ಯಾರ ಬಾಗಿಲು ಬಡಿಯಬಹುದು ಎಂದು ನೋಡಿ. ಮತ್ತೆ, ನಿಮ್ಮಿಬ್ಬರ ಕೆಲಸ ಏನು, ಯಾರ ರಜೆ ಗಟ್ಟಿ ಎಂದು ನೀವು ಬರೆದಿಲ್ಲ. ಅದನ್ನು ಕೆಳಗೆ ಬರೆಯಿರಿ, ಮೈಸೂರೋ ಹುಬ್ಬಳ್ಳಿಯೋ ಎಂದು ಆಮೇಲೆ ಹೇಳುತ್ತೇನೆ.