‘ಲೋಮೆಂಟಮ್’ನಲ್ಲಿ ಲೋಮವಿದೆಯೇ?

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿ ಮರಗಳಿವೆ. ಮಗಳ ಸಸ್ಯಶಾಸ್ತ್ರ ಪುಸ್ತಕದಲ್ಲಿ ಇದರ ಕಾಯಿಯನ್ನು ‘ಲೋಮೆಂಟಮ್’ ಎಂದು ಕರೆದಿದ್ದಾರೆ. ಕಾಯಿಯ ಮೇಲೆ ಬೂದುಬಣ್ಣದ ನವಿರು ಇರುವುದರಿಂದ ಈ ಪದ ಸಂಸ್ಕೃತದ ‘ಲೋಮ’ದಿಂದ ಬಂದಿರಬಹುದೇ?
– ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಕಾಯಿಯ ನವಿರನ್ನು ಇಷ್ಟು ಹತ್ತಿರದಿಂದ ನೋಡಿ ಕೇಳಿದ್ದೀರಿ, ಸಂತೋಷವಾಯಿತು. ಆದರೆ ಈ ಪದಕ್ಕೂ ಲೋಮಕ್ಕೂ ನಂಟಿಲ್ಲ. ಇದರ ಮೂಲ ಲ್ಯಾಟಿನ್ ಭಾಷೆಯ ‘ಲವಾರೆ’, ಅಂದರೆ ತೊಳೆಯುವುದು. ನಾವು ದಿನವೂ ಆಡುವ ಲಾಂಡ್ರಿ, ಲೋಷನ್ ಪದಗಳೂ ಅಲ್ಲಿಂದಲೇ ಹುಟ್ಟಿದವು. ‘ಮೆಂಟಮ್’ ಸಾಧನವನ್ನು ಸೂಚಿಸುವ ಪ್ರತ್ಯಯ. ಹಾಗಾಗಿ ಲೋಮೆಂಟಮ್ ಎಂದರೆ ತೊಳೆಯಲು ಬಳಸುವ ವಸ್ತು.

ಆ ವಸ್ತು ಕಾಳಿನ ಹಿಟ್ಟು! ರೋಮನ್ನರು ಅವರೆಯಂಥ ದಪ್ಪ ಕಾಳೊಂದನ್ನು ಬೀಸಿ, ಆ ಹಿಟ್ಟನ್ನು ಮೈಗೆ ಹಚ್ಚಿ ತೊಳೆಯುತ್ತಿದ್ದರು. ಕಾಳಿನ ಹಿಟ್ಟಿಗೆ ಈ ಹೆಸರಿತ್ತೆಂದು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನಮ್ಮ ಮನೆಗಳಲ್ಲಿ ಅಜ್ಜಿಯರು ಹಸುಗೂಸಿಗೆ ಎಣ್ಣೆ ಹಚ್ಚಿ, ಕಾಲುಗಳ ಮೇಲೆ ಮಲಗಿಸಿಕೊಂಡು, ಕಡಲೆಹಿಟ್ಟು ಉಜ್ಜಿ ಬಿಸಿನೀರು ಹೊಯ್ಯುವುದನ್ನು ನೆನೆಯಿರಿ. ಅವರ ಅಂಗೈಯಲ್ಲಿದ್ದದ್ದೂ ಲೋಮೆಂಟಮ್ಮೇ. ಪದದ ಮೂಲಾರ್ಥವನ್ನೇ ಹಿಡಿದರೆ ಜಾಲಿಯ ನೆಂಟನಾದ ಸೀಗೆಯ ಕಾಯಿಗೆ ಈ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ.

ಹಿಟ್ಟಿನ ಈ ಹೆಸರನ್ನು ಸಸ್ಯಶಾಸ್ತ್ರಜ್ಞರು ಮುಂದೆ ದ್ವಿದಳ ಜಾತಿಯ ಒಂದು ಬಗೆಯ ಕಾಯಿಗೆ ಕೊಟ್ಟರು. ಅವರೆಕಾಯಿಯನ್ನು ಸುಲಿದರೆ ಉದ್ದಕ್ಕೆ ಎರಡು ಹೋಳಾಗುತ್ತದೆ. ಜಾಲಿಕಾಯಿ ಹಾಗಲ್ಲ. ಬೀಜವಿರುವಲ್ಲಿ ಉಬ್ಬಿ, ಬೀಜಗಳ ನಡುವೆ ದಾರ ಕಟ್ಟಿ ಬಿಗಿದಂತೆ ಸಣ್ಣಗಾಗಿ, ಮಣಿಸರದ ಹಾಗೆ ಕಾಣುತ್ತದೆ. ಒಣಗಿದ ಕಾಯನ್ನು ಬಗ್ಗಿಸಿ ನೋಡಿ: ಸಣ್ಣಗಾದ ಕಡೆ ಲಟಕ್ಕನೆ ಮುರಿಯುತ್ತದೆ, ಒಂದೊಂದು ತುಂಡಿನಲ್ಲೂ ಒಂದೊಂದು ಬೀಜ. ಹೀಗೆ ಗಿಣ್ಣುಗಿಣ್ಣಾಗಿ ಬೇರ್ಪಡುವ ಕಾಯಿಯೇ ಲೋಮೆಂಟಮ್. ಮುಟ್ಟಿದರೆ ಮುನಿಯ ಕಾಯಿಯೂ ಇದೇ ಗುಂಪಿನದು. ಕುರಿಗಳು ಜಾಲಿಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜಗಳು ಹಿಕ್ಕೆಯೊಂದಿಗೆ ಹೊರಬಿದ್ದು ಮೊಳೆಯುತ್ತವೆ. ರೊಪ್ಪದ ಗೊಬ್ಬರ ಚೆಲ್ಲಿದ ಹೊಲದಲ್ಲಿ ಜಾಲಿ ಸಸಿ ಏಳುವುದು ಹೀಗೆ.

ಇನ್ನು ನೀವು ಕಂಡ ನವಿರು. ಅದಕ್ಕೂ ಲ್ಯಾಟಿನ್ ಹೆಸರೇ ಇದೆ: ಟೊಮೆಂಟಮ್. ದಿಂಬಿಗೆ ತುಂಬುವ ಉಣ್ಣೆ, ಕೂದಲು ಎಂಬುದು ಅದರ ಹಳೆಯ ಅರ್ಥ. ಮಗಳ ಕೈಗೆ ಒಂದು ಜಾಲಿಕಾಯಿ ಕೊಡಿ. ಬೆರಳಿಗೆ ಮೆತ್ತಗೆ ತಾಗುವುದು ಟೊಮೆಂಟಮ್, ಮುರಿದಾಗ ಮಣಿಮಣಿಯಾಗುವುದು ಲೋಮೆಂಟಮ್.